ಎಡಕ್ಕೆ ಕಂಪನಿದು, ಬಲಕ್ಕೆ ಲೋಕಲ್ಲು

ನಮ್ಮ ಬೀದಿಯಲ್ಲಿ ಬಾಡಿಗೆಗಿರುವ ಐಟಿಐ ಮೇಷ್ಟ್ರೊಬ್ಬರು ಯುಗಾದಿ ಕಳೆದ ಮೇಲೆ ಒಂದು ದಿನ ಇನ್ನೂರು ಪುಟದ ನೋಟ್‌ಬುಕ್ ಹಿಡಿದುಕೊಂಡು ಮನೆಗೆ ಬಂದರು. "ಮೇಸ್ತ್ರೀ, ನೀವು ಮೂವತ್ತೆಂಟು ವರ್ಷ ಲಾರಿ ಕೆಳಗೆ ಮಲಗಿದ್ದೋರು. ನಮ್ ಹುಡುಗ್ರಿಗೆ ಅಂತ ಒಂದಿಷ್ಟು ಬರ್ದುಕೊಡಿ. ಕಮ್ಮಿ ರೇಟಿನ ಸ್ಪೇರ್ ಪಾರ್ಟ್ಸ್ ಹಾಕಿದ್ರೆ ಏನೇನಾಗ್ತದೆ, ಅದನ್ನ ಬರೀರಿ" ಎಂದರು.

"ಏನಾಗ್ತದೆ ಅಂತ ನಂಗೆ ಗೊತ್ತಿದ್ರೆ ತಾನೇ ಬರ್ಯೋದು" ಎಂದೆ. ಅವರು ನಕ್ಕರು. ವಿನಯ ಎಂದುಕೊಂಡಿರಬೇಕು. ವಿನಯವೂ ಅಲ್ಲ, ಗಿನಯವೂ ಅಲ್ಲ. ನನಗೆ ನಿಜವಾಗಿಯೂ ಗೊತ್ತಿಲ್ಲ. ಗೊತ್ತಿಲ್ಲ ಎಂದು ಹೇಳಿಕೊಳ್ಳುವುದಕ್ಕೆ ನೋಟ್‌ಬುಕ್ ಯಾಕೆ ಹಾಳು ಮಾಡಬೇಕು ಎಂದು ಹದಿನೈದು ದಿನ ಅದನ್ನು ಟಿವಿ ಮೇಲೆ ಇಟ್ಟಿದ್ದೆ. ಕೊನೆಗೆ ನನ್ನ ಹೆಂಡತಿ ಅದರಲ್ಲಿ ಹಾಲಿನ ಲೆಕ್ಕ ಬರೆಯಲು ಶುರು ಮಾಡುವ ಮೊದಲು ನಾನೇ ಶುರು ಮಾಡೋಣ ಎಂದು ಕೂತೆ.

ನನ್ನ ಹೆಸರು ನಾಗರಾಜು. ಗ್ಯಾರೇಜಿನಲ್ಲಿ ಎಲ್ಲರಿಗೂ ನಾಗಣ್ಣ, ಇಲ್ಲವೇ ಬರೀ ಮೇಸ್ತ್ರಿ. ಹುಟ್ಟಿದ್ದು ಕೊಳಾಲದ ಹತ್ತಿರದ ಹಳ್ಳಿ, ಕೆಲಸ ಕಲಿತದ್ದು ಶಿರಾದಲ್ಲಿ, ಸ್ವಂತ ಗ್ಯಾರೇಜು ಇಟ್ಟದ್ದು ಮಧುಗಿರಿಯಲ್ಲಿ. ಎರಡು ವರ್ಷದ ಹಿಂದೆ ಮಂಡಿ ಸವೆದು ಬಾಗಿಲು ಹಾಕಿದೆ. ಆಪರೇಷನ್ ಮಾಡಿ ಹೊಸ ಮಂಡಿ ಕೂರಿಸುತ್ತೇವೆ ಎಂದರು ಡಾಕ್ಟರು. ಅದು ಒರಿಜಿನಲ್ಲಾ, ಲೋಕಲ್ಲಾ ಎಂದು ಕೇಳಿದ್ದಕ್ಕೆ ಅವರಿಗೆ ಸಿಟ್ಟು ಬಂತು. ನಾನೇನು ತಮಾಷೆಗೆ ಕೇಳಿರಲಿಲ್ಲ.

ಶಿರಾದಲ್ಲಿ ನನಗೆ ಕೆಲಸ ಕಲಿಸಿದವರು ಬಾಷಾ ಸಾಬರು. ನಾವೆಲ್ಲ ಉಸ್ತಾದ್ ಎನ್ನುತ್ತಿದ್ದೆವು. ಓದು ಬರಹ ಕಡಿಮೆ, ಮೂಗು ಮಾತ್ರ ಬಲು ಚುರುಕು. ಹೊಸ ಹೋಸ್ ಪೈಪು ಬಂದರೆ ಮೊದಲು ಮೂಸುತ್ತಿದ್ದರು, ಆಮೇಲೆ ತುದಿಯನ್ನು ಹಲ್ಲಿನಲ್ಲಿ ಕಚ್ಚುತ್ತಿದ್ದರು. ಬೇರಿಂಗನ್ನು ಕಿವಿಯ ಹತ್ತಿರ ಹಿಡಿದು ತಿರುಗಿಸುತ್ತಿದ್ದರು. ಲೈನರನ್ನು, ಅಂದರೆ ಬ್ರೇಕು ಒತ್ತಿದಾಗ ಚಕ್ರದ ಡ್ರಮ್ಮಿಗೆ ಉಜ್ಜಿ ಗಾಡಿ ನಿಲ್ಲಿಸುವ ಪಟ್ಟಿಯನ್ನು, ಉಗುರಿನಿಂದ ಕೆರೆದು ಪುಡಿ ನೋಡುತ್ತಿದ್ದರು. "ನಕಲಿ ಹೈ" ಎಂದರೆ ಮುಗಿಯಿತು, ಅಂಗಡಿಯವನು ಅಪ್ಪನಾಣೆ ಇಟ್ಟರೂ ಅದು ಗಾಡಿಗೆ ಹತ್ತುತ್ತಿರಲಿಲ್ಲ.

ಅವರದೊಂದು ಪದ್ಧತಿ ಇತ್ತು. ಬ್ರೇಕ್ ಕೆಲಸಕ್ಕೆ ಗಾಡಿ ಬಂದರೆ ಒಂದೇ ಚಕ್ರದ ದೂರಿದ್ದರೂ ಎರಡೂ ಕಡೆಯ ಚಕ್ರ ಬಿಚ್ಚಬೇಕು. ಬಿಚ್ಚಿದ್ದನ್ನು ಗೋಣಿಚೀಲದ ಮೇಲೆ ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ ಜೋಡಿಸಿ ಇಡಬೇಕು. ಯಜಮಾನ ಬಂದು ಕಣ್ಣಾರೆ ನೋಡಬೇಕು. ಹಾಕಿದರೆ ಎರಡೂ ಕಡೆಗೆ ಒಂದೇ ಅಂಗಡಿಯ, ಒಂದೇ ಡಬ್ಬದ ಸಾಮಾನು. ಒಂದು ಕಡೆಗೆ ಮಾತ್ರ ಹಾಕು ಎಂದವರ ಗಾಡಿಯನ್ನು ಅವರು ಮುಟ್ಟುತ್ತಿರಲಿಲ್ಲ.

"ದೇಖ್ ಬೇಟಾ" ಎಂದು ನನ್ನ ಕಿವಿ ಹಿಡಿದು ಹೇಳಿದ್ದರು. "ಎರಡೂ ಕಡೆ ಖರಾಬ್ ಹಾಕಿದ್ಯಾ, ಗಾಡಿ ಲೇಟಾಗಿ ನಿಂತದೆ, ಆದ್ರೂ ಸೀದಾ ನಿಂತದೆ. ಒಂದು ಅಚ್ಛಾ ಒಂದು ಖರಾಬ್ ಹಾಕಿದ್ಯಾ, ಗಾಡಿಗೆ ಯಾರ ಮಾತು ಕೇಳ್ಬೇಕು ಅಂತ ತಿಳಿಯಲ್ಲ. ಜೋಡಿ ಒಡೀಬ್ಯಾಡ." ಆ ಮಾತು ನನಗೆ ಬಾಯಿಪಾಠವಾಗಿತ್ತು. ಮುಂದೆ ನನ್ನ ಕೈಕೆಳಗೆ ಕಲಿತವರಿಗೆಲ್ಲ ಅದನ್ನೇ ಹೇಳುತ್ತಿದ್ದೆ, ಕಿವಿ ಹಿಡಿದೇ ಹೇಳುತ್ತಿದ್ದೆ.

ಇನ್ನು ನಕಲಿ ಸಾಮಾನಿನ ವಿಷಯ. ಅಗ್ಗದ್ದೆಲ್ಲ ಕೆಟ್ಟದ್ದು, ಕಂಪನಿದೆಲ್ಲ ಒಳ್ಳೆಯದು ಎಂದು ಬರೆದರೆ ಮೇಷ್ಟ್ರಿಗೆ ಖುಷಿಯಾಗುತ್ತದೆ, ನನಗೂ ಕೆಲಸ ಸಲೀಸು. ಆದರೆ ಕಳ್ಳಂಬೆಳ್ಳದ ಕಡೆಯ ಒಬ್ಬರ ಲಾರಿಗೆ ನಾನು ಹಾಕಿದ ಅಗ್ಗದ ವಾಟರ್ ಪಂಪು ಒಂಬತ್ತು ವರ್ಷ ಓಡಿತು. ಅವರ ತಮ್ಮನ ಲಾರಿಗೆ ಅದೇ ವಾರ ಹಾಕಿದ ಕಂಪನಿ ಪಂಪು ಮೂರನೇ ತಿಂಗಳಿಗೆ ಸೋರಿತು. ತಮ್ಮ ಬಂದು, "ಅಣ್ಣನಿಗೆ ಒಳ್ಳೇದು ಹಾಕಿ ನಂಗೆ ಡೂಪ್ಲಿಕೇಟ್ ಹಾಕಿದ್ದೀಯಾ" ಎಂದು ಜಗಳಕ್ಕೆ ನಿಂತ. ಡಬ್ಬ ತೋರಿಸಿದೆ, ಬಿಲ್ಲು ತೋರಿಸಿದೆ. ನಂಬಲಿಲ್ಲ. ಅಣ್ಣತಮ್ಮಂದಿರು ಒಂದು ವರ್ಷ ಮಾತು ಬಿಟ್ಟಿದ್ದರು ಎಂದು ಆಮೇಲೆ ತಿಳಿಯಿತು.

ಡಬ್ಬದ ಮಾತು ಬಂದಿದ್ದಕ್ಕೆ ನನ್ನ ಇನ್ನೊಂದು ಪೆದ್ದುತನವನ್ನೂ ಹೇಳಿಬಿಡುತ್ತೇನೆ. ಕಂಪನಿ ಸಾಮಾನಿನ ಖಾಲಿ ಡಬ್ಬಗಳನ್ನು ಗುಜರಿಯವನೊಬ್ಬ ಬಂದು ಕೊಂಡು ಹೋಗುತ್ತಿದ್ದ. ಹರಿಯದೆ ನೀಟಾಗಿರುವ ಡಬ್ಬಕ್ಕೆ ಬೇರೆಯೇ ಬೆಲೆ ಕೊಡುತ್ತಿದ್ದ. ರದ್ದಿಗೆ ಇಷ್ಟು ಮರ್ಯಾದೆ ಯಾಕೆ ಎಂದು ನಾನು ಒಂದು ದಿನವೂ ಯೋಚಿಸಲಿಲ್ಲ. ಯಾವ ಸಾಮಾನು ಯಾವ ಗಾಡಿಗೆ ಎಂದು ತಿಳಿಯಲಿ ಅಂತ ಡಬ್ಬದ ಮೇಲೆ ಗಾಡಿ ನಂಬರು ಬರೆಯುವುದು ನನ್ನ ಅಭ್ಯಾಸ. ಒಂದು ಸಲ ಅಂಗಡಿಯಿಂದ ಹೊಸ ಕಂಪನಿ ಬೇರಿಂಗ್ ತರಿಸಿದೆ. ಡಬ್ಬದ ತಳ ನೋಡಿದರೆ ನನ್ನದೇ ಕೈಬರಹ, ಎರಡು ವರ್ಷದ ಹಿಂದೆ ನಾನೇ ರಿಪೇರಿ ಮಾಡಿದ ಗಾಡಿಯ ನಂಬರು. ಒಳಗೆ ಇದ್ದದ್ದು ಯಾವನೋ ಎಲ್ಲೋ ಮಾಡಿದ ಬೇರಿಂಗು. ನಾನೇ ಮಾರಿದ ಡಬ್ಬ ನನಗೇ ವಾಪಸ್ ಬಂದು ಟೋಪಿ ಹಾಕಿತ್ತು. ಅವತ್ತಿನಿಂದ ಖಾಲಿ ಡಬ್ಬವನ್ನು ಹರಿದು ಒಲೆಗೆ ಹಾಕುತ್ತಿದ್ದೆ. ಆದರೆ ಅದಕ್ಕೆ ಮುಂಚೆ ನನ್ನ ಅಕ್ಷರ ಹೊತ್ತ ಎಷ್ಟು ಡಬ್ಬ ಎಲ್ಲೆಲ್ಲಿಗೆ ಹೋದವೋ, ಯಾರ ಗಾಡಿಗೆ ಏನು ಹತ್ತಿತೋ ಯಾರಿಗೆ ಗೊತ್ತು.

ಇಷ್ಟು ಬರೆಯುವಷ್ಟರಲ್ಲಿ ನಲವತ್ತು ಪುಟ ತುಂಬಿತು. ಆಮೇಲೆ ಮೇಷ್ಟ್ರು ಕೇಳಿದ ಸಲಹೆಗಳನ್ನು ಬರೆಯೋಣ ಎಂದು ಹೊಸ ಪುಟ ತೆಗೆದು, "ಒಂದು: ಜೋಡಿ ಒಡೆಯಬೇಡಿ" ಎಂದು ಬರೆದೆ. ಅಲ್ಲಿಂದ ಮುಂದಕ್ಕೆ ಪೆನ್ನು ಹೋಗಲಿಲ್ಲ. ಯಾಕೆ ಹೋಗಲಿಲ್ಲ ಎನ್ನುವುದೇ ನಾನು ಹೇಳಬೇಕಾದ ವಿಷಯ.

ಕೊರೊನಾಕ್ಕೆ ಹಿಂದಿನ ವರ್ಷ ನಡೆದದ್ದು ಇದು. ನನ್ನ ಗ್ಯಾರೇಜಿಗೆ ಕಾಯಂ ಬರುವ ಲಾರಿಗಳಲ್ಲಿ ಲೋಕೇಶಪ್ಪನವರದೂ ಒಂದು. ಯಜಮಾನರು ಮಧುಗಿರಿಯವರು. ಡ್ರೈವರು ಓಬಳೇಶ ಪಾವಗಡದಿಂದಾಚೆ, ಆಂಧ್ರದ ಗಡಿಗೆ ಅಂಟಿಕೊಂಡ ಹಳ್ಳಿಯವನು. ನಲವತ್ತರ ಆಸುಪಾಸು, ಕುಡಿತವಿಲ್ಲ, ಬೀಡಿ ಇಲ್ಲ. ಮನುಷ್ಯರ ಹತ್ತಿರ ಕನ್ನಡ, ಲಾರಿಯ ಹತ್ತಿರ ತೆಲುಗು. ಏರು ಹತ್ತುವಾಗ "ಪದ ತಲ್ಲಿ, ಪದ", ನಡಿ ತಾಯಿ ನಡಿ, ಎಂದು ಅದನ್ನು ಪುಸಲಾಯಿಸುವುದನ್ನು ನಾನೇ ಪಕ್ಕದಲ್ಲಿ ಕೂತು ಕೇಳಿದ್ದೇನೆ. ಅವನ ಜೊತೆಗೆ ಲೋಡಿಂಗ್ ಕೆಲಸಕ್ಕೆ ಹೆಂಡತಿಯ ತಮ್ಮ ತಿಪ್ಪೇಶ ಹೋಗುತ್ತಿದ್ದ. ಮದುವೆಯಾಗಿ ಎರಡು ಮಕ್ಕಳ ತಂದೆ, ಬಂಡೆಯಂಥ ಆಳು.

ಒಂದು ಬೆಳಗ್ಗೆ ಓಬಳೇಶ ಗಾಡಿ ತಂದ. ಮುಂದಿನ ಚಕ್ರಗಳಲ್ಲಿ ಕಿರುಚುವ ಸದ್ದು. ನನ್ನ ಪದ್ಧತಿಯಂತೆ ಎರಡೂ ಬಿಚ್ಚಿ ಗೋಣಿಚೀಲದ ಮೇಲೆ ಇಟ್ಟೆ. ಎರಡೂ ಕಡೆಯ ಲೈನರು ರಿವೆಟ್ಟಿನ ತನಕ ಸವೆದಿದ್ದವು. ಲೋಕೇಶಪ್ಪನವರಿಗೆ ಫೋನು ಮಾಡಿದೆ.

"ಲೋಕಲ್ ಹಾಕ್ಬುಡು ನಾಗಣ್ಣ" ಎಂದರು. "ಮೂರು ತಿಂಗ್ಳಲ್ಲಿ ಗಾಡಿ ಮಾರ್ಬುಡ್ತೀನಿ. ಕೊಂಡ್ಕಂಡೋನು ಬೇಕಾದ್ರೆ ಒಳ್ಳೇದು ಹಾಕ್ಕಳ್ಲಿ."

ಅವರನ್ನು ಕೆಟ್ಟವರೆಂದು ಹೇಳಲಾರೆ. ಮಾರುವ ಗಾಡಿಗೆ ಎಲ್ಲರೂ ಹಾಗೇ ಮಾಡುತ್ತಾರೆ. ಫೋನಿನ ಸ್ಪೀಕರು ಜೋರಾಗಿತ್ತು, ಓಬಳೇಶನಿಗೆ ಎಲ್ಲ ಕೇಳಿಸಿತು. ಎದ್ದು ಹೊರಗೆ ಹೋದ. ಅರ್ಧ ಗಂಟೆಯಲ್ಲಿ ಕಂಪನಿ ಲೈನರಿನ ಒಂದು ಡಬ್ಬ ಹಿಡಿದುಕೊಂಡು ಬಂದ. ಒಂದು ಚಕ್ರಕ್ಕೆ ಆಗುವಷ್ಟು. ಟ್ರಿಪ್ಪಿಗೆ ಸಿಗುವ ತನ್ನ ಬಾಟಾ ದುಡ್ಡಿನಲ್ಲಿ ತಂದಿದ್ದ.

"ಒಂದು ಕಡೆಗಾದ್ರೂ ಒಳ್ಳೇದಿರ್ಲಿ ಮೇಸ್ತ್ರೀ."

"ಒಂದೇ ಕಡೆ ಹಾಕಂಗಿಲ್ಲ ಕಣ್ಲಾ. ಹಾಕಿದ್ರೆ ಎರಡಕ್ಕೂ ಒಂದೇ ಹಾಕ್ಬೇಕು."

"ಇನ್ನೊಂದಕ್ಕೆ ನನ್ತಾವ ಇಲ್ಲ."

"ಅಂಗಾದ್ರೆ ಇದನ್ನ ವಾಪಸ್ ಕೊಟ್ಬುಟ್ಟು ಬಾ."

"ಡಬ್ಬ ಬಿಚ್ಚಿದ್ರೆ ವಾಪಸ್ ತಗಳ್ಳಲ್ವಂತೆ. ನೋಡಾಣ ಅಂತ ಬಿಚ್ಬುಟ್ಟೆ." ಡಬ್ಬವನ್ನು ನನ್ನ ಕೈಗಿಟ್ಟು, "ಎಡಗಡೆ ಚಕ್ರಕ್ಕೆ ಹಾಕ್ಬುಡಿ ಮೇಸ್ತ್ರೀ. ನಮ್ ಬಾಮೈದ ಆ ಕಡೆ ಕುಂತಿರ್ತಾನೆ. ಅವ್ನಿಗೇನಾದ್ರೂ ಆದ್ರೆ ಅಂಜಿನಮ್ಮಂಗೆ ನಾನೇನು ಹೇಳ್ಲಿ?" ಎಂದ.

ಅಂಜಿನಮ್ಮ ಎಂದರೆ ಅವನ ಹೆಂಡತಿ. ನನಗೆ ನಗು ಬಂತು. "ಎಡಗಡೆ ಕುಂತೋರಿಗೆ ಬೇರೆ, ಬಲಗಡೆ ಕುಂತೋರಿಗೆ ಬೇರೆ ಬ್ರೇಕ್ ಹಿಡೀತದೇನ್ಲಾ?" ಎಂದು ಛೇಡಿಸಿದೆ. ಛೇಡಿಸುತ್ತಲೇ ಹಾಕಿದೆ. ಎಡಕ್ಕೆ ಕಂಪನಿದು, ಬಲಕ್ಕೆ ಲೋಕಲ್ಲು.

ಯಾಕೆ ಹಾಕಿದೆ? ಇದನ್ನು ಎಷ್ಟು ಸಲ ಕೇಳಿಕೊಂಡಿದ್ದೇನೋ. ಅವನ ಮುಖ ನೋಡಿ ಬೇಡ ಎನ್ನಲಾಗಲಿಲ್ಲವೇ? ಹಿಂದೆ ಎರಡು ಗಾಡಿ ಕಾಯುತ್ತಿದ್ದವು, ಅದಕ್ಕೆ ಅವಸರ ಮಾಡಿದೆನೇ? ಎರಡೂ ಕೆಟ್ಟದ್ದಿರುವ ಬದಲು ಒಂದಾದರೂ ಒಳ್ಳೆಯದಿರಲಿ ಎಂಬ ಮಾತು ಕೇಳುವುದಕ್ಕೆ ನ್ಯಾಯವಾಗಿಯೇ ಇದೆ. ಈಗಲೂ ಹತ್ತು ಜನರನ್ನು ಕೇಳಿದರೆ ಒಂಬತ್ತು ಜನ ಸರಿ ಎನ್ನುತ್ತಾರೆ. ಹತ್ತನೆಯವನು ನಾನು, ನನಗೆ ಮಾತ್ರ ತಪ್ಪೆಂದು ಗೊತ್ತಿತ್ತು. ಉಸ್ತಾದರು ಇದ್ದಿದ್ದರೆ ನಟ್ಟು ಬಿಚ್ಚುವ ಪಾನಾ ತೆಗೆದು ನನ್ನ ಬೆನ್ನಿಗೆ ಬೀಸುತ್ತಿದ್ದರು.

ಗ್ಯಾರೇಜಿನ ಮುಂದಿನ ರಸ್ತೆಯಲ್ಲಿ ಟ್ರಯಲ್ ನೋಡಿದೆ. ಮೂರು ಸಲ ಬ್ರೇಕ್ ಒತ್ತಿದೆ, ಮೂರು ಸಲವೂ ನೆಟ್ಟಗೆ ನಿಂತಿತು. ನಿಲ್ಲದೆ ಏನು? ತಣ್ಣಗಿರುವಾಗ ಅಗ್ಗದ ಲೈನರೂ ಚೆನ್ನಾಗಿಯೇ ಹಿಡಿಯುತ್ತದೆ. ಅದರ ಬಣ್ಣ ಬಯಲಾಗುವುದು ಕಾದಾಗ.

ಇಪ್ಪತ್ತು ದಿನ ಕಳೆದಿರಬಹುದು. ಚನ್ನರಾಯನದುರ್ಗದ ಕಡೆಯಿಂದ ಮನೆ ಕಟ್ಟುವ ಸೈಜುಗಲ್ಲು ತುಂಬಿಕೊಂಡು ಓಬಳೇಶ ಬರುತ್ತಿದ್ದ. ಮಧ್ಯಾಹ್ನ ಮುದ್ದೆ ಊಟ ಮಾಡಿ ಹೊರಟಿದ್ದರು. ಉದ್ದಕ್ಕೆ ಇಳಿಜಾರು, ಮೇಲೆ ಕಲ್ಲಿನ ಭಾರ, ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಇಳಿಯಬೇಕು. ಕೆಳಗಿನ ತಿರುವಿನಲ್ಲಿ ಎಮ್ಮೆಗಳು ಅಡ್ಡ ಬಂದವೆಂದು ಬ್ರೇಕ್ ಒತ್ತಿದ. ಲಾರಿ ಎಡಕ್ಕೆ ನುಗ್ಗಿ ಮೋರಿ ಕಟ್ಟೆಗೆ ಹೊಡೆಯಿತು. ಓಬಳೇಶನಿಗೆ ಹಣೆಯ ಮೇಲೆ ಗಾಯ, ಅಷ್ಟೆ. ಎಡಗಡೆ ಕೂತಿದ್ದ ತಿಪ್ಪೇಶನ ಕಾಲು ತಗಡಿನ ನಡುವೆ ಸಿಕ್ಕಿಕೊಂಡಿತು. ಆಸ್ಪತ್ರೆಯಲ್ಲಿ ಮಂಡಿಯಿಂದ ಕೆಳಗೆ ತೆಗೆದರು.

ಅಪಘಾತದ ಗಾಡಿ ಪರೀಕ್ಷೆ ಮಾಡುವ ಆರ್‌ಟಿಓದವರು ಬಂದು ಪೆಡಲ್ ಒತ್ತಿ ನೋಡಿದರು. ಬ್ರೇಕ್ ಹಿಡಿಯಿತು. ಸರಿಯಿದೆ ಎಂದು ಬರೆದುಕೊಂಡರು. ಅವರದೇನೂ ತಪ್ಪಿಲ್ಲ, ಗಾಡಿ ಅಷ್ಟರಲ್ಲಿ ಎರಡು ದಿನ ತಣ್ಣಗೆ ನಿಂತಿತ್ತು. ಆಮೇಲೆ ಲಾರಿಯನ್ನು ಎಳೆದು ತಂದು ನನ್ನ ಗ್ಯಾರೇಜಿನಲ್ಲೇ ಬಿಟ್ಟರು. ನಾನೊಬ್ಬನೇ ಇದ್ದಾಗ ಮುಂದಿನ ಎರಡೂ ಚಕ್ರ ಬಿಚ್ಚಿದೆ.

ಎಡದ ಕಂಪನಿ ಲೈನರು ಚೆನ್ನಾಗಿತ್ತು. ಬಲದ್ದು ಕಾದು ಕಾದು ಗಾಜಿನ ಹಾಗೆ ಹೊಳೆಯುತ್ತಿತ್ತು. ಬೆರಳಿಟ್ಟರೆ ಜಾರುತ್ತಿತ್ತು, ಸುಟ್ಟ ವಾಸನೆ ಇನ್ನೂ ಹೋಗಿರಲಿಲ್ಲ. ಇಳಿಜಾರಿನಲ್ಲಿ ಬಲಗಡೆಯದು ಹಿಡಿತ ಬಿಟ್ಟಿದೆ, ಎಡಗಡೆಯದು ಗಟ್ಟಿಯಾಗಿ ಹಿಡಿದಿದೆ, ಗಾಡಿ ಹಿಡಿದ ಕಡೆಗೆ ಎಳೆದಿದೆ. ಒಳ್ಳೆಯ ಲೈನರು ಎಲ್ಲಿತ್ತೋ ಆ ಕಡೆಗೆ. ತಿಪ್ಪೇಶ ಕೂತಿದ್ದ ಕಡೆಗೆ.

ಆಮೇಲೆ ನಾನು ಮಾಡಿದ್ದನ್ನು ಬರೆಯಲು ನಾಚಿಕೆಯಾಗುತ್ತದೆ. ಎಮ್ರಿ ಪೇಪರ್ ತೆಗೆದುಕೊಂಡು ಆ ಹೊಳಪನ್ನು ಉಜ್ಜಿಬಿಟ್ಟೆ. ಲೈನರಿಗೆ ಹೊಳಪು ಹತ್ತಿದರೆ ಉಜ್ಜುವುದು ನಮ್ಮ ಕೈಯ ಅಭ್ಯಾಸ, ಅದಕ್ಕೆ ಉಜ್ಜಿದೆ ಎಂದು ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡೆ. ಹೆದರಿ ಉಜ್ಜಿದೆನೋ, ಅಭ್ಯಾಸಕ್ಕೆ ಉಜ್ಜಿದೆನೋ, ನಿಜವಾಗಿ ಈಗಲೂ ತಿಳಿಯದು. ಆದರೆ ಗುಜರಿಗೆ ಹೋಗುವ ಗಾಡಿಯ ಲೈನರನ್ನು ಯಾರು ಉಜ್ಜುತ್ತಾರೆ?

ಮಾರನೆಯ ದಿನ ಓಬಳೇಶ ಹಣೆಗೆ ಪಟ್ಟಿ ಕಟ್ಟಿಕೊಂಡು ಬಂದ. ಲೋಕೇಶಪ್ಪನವರೂ ಅಲ್ಲೇ ಇದ್ದರು.

"ಸ್ಟೇರಿಂಗು ತಾನೇ ಎಡಕ್ಕೆ ಎಳೀತು ಮೇಸ್ತ್ರೀ. ನಾನು ತಿರುಗ್ಸಲಿಲ್ಲ. ದೇವ್ರಾಣೆ ತಿರುಗ್ಸಲಿಲ್ಲ."

"ಮುದ್ದೆ ಉಂಡು ತೂಕಡಿಸ್ದೆ ಅನ್ನು ಕಣ್ಲೇ" ಎಂದರು ಲೋಕೇಶಪ್ಪ. "ತೂಕಡಿಸ್ದೋರೆಲ್ಲ ಇಂಗೇ ಹೇಳಾದು, ಸ್ಟೇರಿಂಗ್ ಎಳೀತು ಅಂತ. ಬ್ರೇಕ್ ಸರಿ ಐತೆ ಅಂತ ಅವ್ರೇ ಬರ್ದುಕೊಟ್ಟವ್ರಲ್ಲ."

ಓಬಳೇಶ ನನ್ನ ಮುಖ ನೋಡಿದ. ನಾನೇನಾದರೂ ಹೇಳುತ್ತೇನೆಂದು ಕಾದ. "ಟೈರ್ ಗಾಳಿ ಗೀಳಿ ಎಚ್ಚುಕಮ್ಮಿ ಇತ್ತೇನೋ, ನೋಡ್ಬೇಕು" ಎಂದು ಗೊಣಗಿ ನಾನು ಪಾನಾ ಹುಡುಕುವವನಂತೆ ಬಗ್ಗಿಬಿಟ್ಟೆ. ಪಾನಾ ನನ್ನ ಕೈಯಲ್ಲೇ ಇತ್ತು.

ಅವತ್ತಿಂದ ನಮ್ಮ ಕಡೆಯ ಯಾವ ಯಜಮಾನನೂ ಅವನ ಕೈಗೆ ಸ್ಟೇರಿಂಗು ಕೊಡಲಿಲ್ಲ. ನಿದ್ದೆ ಡ್ರೈವರು ಎಂದು ಹೆಸರು ಬಿತ್ತು. ಏಳೆಂಟು ತಿಂಗಳ ಮೇಲೆ ಮಧುಗಿರಿ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ. ಬಲವಂತ ಮಾಡಿ ಟೀ ಕುಡಿಸಿದ.

"ತೂಕಡಿಸಿರ್ಬೇಕು ಮೇಸ್ತ್ರೀ" ಎಂದ. "ಮೊದ್ಲು ಇಲ್ಲ ಅಂತಿದ್ದೆ. ಎಲ್ರೂ ಹೇಳಿ ಹೇಳಿ, ನಾನೂ ಯೋಚ್ನೆ ಮಾಡಿ ಮಾಡಿ, ಈಗ ಕಣ್ಣು ಮುಚ್ಚಿದ್ದಂಗೇ ಗ್ಯಾಪ್ಕ ಬತ್ತದೆ. ಸದ್ಯ, ಎಡಗಡೆಗಾದ್ರೂ ಒಳ್ಳೇದು ಹಾಕ್ಕೊಟ್ರಲ್ಲ ನೀವು. ಅದ್ಕೇ ತಿಪ್ಪೇಶನ ಜೀವ ಉಳೀತು."

ಅವನು ಮಾಡದ ನಿದ್ದೆಯನ್ನು ಅವನಿಗೆ ನೆನಪು ಮಾಡಿಕೊಟ್ಟವರಲ್ಲಿ ನಾನೂ ಒಬ್ಬ. ಆಗಲಾದರೂ ಹೇಳಬಹುದಿತ್ತು. ಪಾವಗಡದ ಬಸ್ಸು ಬಂತು, ಅವನು ಓಡಿ ಹತ್ತಿದ. ಬಸ್ಸು ಬಂದದ್ದಕ್ಕೆ ನನಗೆ ಸಮಾಧಾನವಾಯಿತು, ಅದನ್ನೂ ಬರೆದುಬಿಡುತ್ತೇನೆ.

ಆರು ವರ್ಷ ಹೀಗೇ ಕಳೆಯಿತು. ಒಮ್ಮೊಮ್ಮೆ ನನಗೆ ಅನುಮಾನ ಬರುತ್ತಿತ್ತು. ನಾನಂದುಕೊಂಡದ್ದೇ ನಿಜವೆಂದು ಹೇಗೆ ಹೇಳುವುದು? ಲೈನರಿನ ಹೊಳಪು ಮುಂಚೆಯೇ ಹತ್ತಿತ್ತೋ ಏನೋ. ನಿಜವಾಗಿಯೂ ಅವನು ಕಣ್ಣು ಮುಚ್ಚಿದ್ದನೋ ಏನೋ. ಎರಡೂ ಸೇರಿ ಆಯಿತೋ ಏನೋ. ಎರಡೂ ಕಡೆ ಅಗ್ಗದ್ದನ್ನೇ ಹಾಕಿದ್ದರೆ ಗಾಡಿ ನೆಟ್ಟಗೆ ಹೋಗಿ ಎಮ್ಮೆಗಳ ಮೇಲೆ, ಅವುಗಳ ಹಿಂದೆ ಬರುತ್ತಿದ್ದ ಮನುಷ್ಯರ ಮೇಲೆ ಹತ್ತುತ್ತಿತ್ತೋ ಏನೋ. ಹಾಗಾದರೆ ಅನಾಹುತ ಮಾಡಿದ್ದು ಅಗ್ಗದ ಲೈನರೋ, ಒಳ್ಳೆಯ ಲೈನರೋ? ಲೋಕೇಶಪ್ಪನವರ ಜಿಪುಣತನವೋ, ಓಬಳೇಶನ ಪ್ರೀತಿಯೋ, ನನ್ನ ದಾಕ್ಷಿಣ್ಯವೋ? ಯಾವ ಕಡೆಯಿಂದ ಯೋಚಿಸಿದರೂ ತಲೆ ಕೆಡುತ್ತಿತ್ತು.

ಈಚಿನ ಗಾಡಿಗಳಲ್ಲಿ ಎಲ್ಲ ಬೇರೆಯಾಗಿದೆ. ಡಬ್ಬದ ಮೇಲಿನ ಚೌಕದ ಗುರುತಿಗೆ ಫೋನು ಹಿಡಿದರೆ ಅಸಲಿಯೋ ನಕಲಿಯೋ ತಿಳಿಯುತ್ತದಂತೆ. ಬ್ರೇಕಿನಲ್ಲಿ ತೊಂದರೆ ಬಂದರೆ ಡ್ರೈವರಿನ ಮುಂದೆ ದೀಪ ಹತ್ತುತ್ತದೆ. ನಾನು ಬಾಗಿಲು ಹಾಕುವ ಹಿಂದಿನ ವರ್ಷ ಒಬ್ಬ ಯಜಮಾನ ಹೊಸ ಲಾರಿ ತಂದು, "ಮೇಸ್ತ್ರೀ, ಈ ದೀಪ ಆರ್ತಾನೇ ಇಲ್ಲ, ವೈರ್ ಕಟ್ ಮಾಡ್ಬುಡಿ" ಎಂದ. ದೀಪ ಯಾಕೆ ಹತ್ತಿದೆ ಎಂದು ನೋಡೋಣ ಎಂದರೆ, ಅಷ್ಟು ಟೈಮಿಲ್ಲ ಎಂದ. ನಾನು ಕಟ್ ಮಾಡಲಿಲ್ಲ. ಮುಂದಿನ ಗ್ಯಾರೇಜಿನಲ್ಲಿ ಮಾಡಿಸಿಕೊಂಡಿರುತ್ತಾನೆ.

ನೋಟ್‌ಬುಕ್ಕಿನಲ್ಲಿ "ಜೋಡಿ ಒಡೆಯಬೇಡಿ" ಎಂದು ಬರೆದ ಮೇಲೆ ಎರಡು ದಿನ ಸುಮ್ಮನೆ ಕೂತಿದ್ದೆ. ಅದನ್ನು ಓದುವ ಹುಡುಗರು ನನ್ನನ್ನು ದೊಡ್ಡ ತಿಳಿದವನೆಂದುಕೊಳ್ಳುತ್ತಾರೆ. ಒಡೆದವನೇ ನಾನು ಎಂದು ಅವರಿಗೆ ಹೇಗೆ ಗೊತ್ತಾಗಬೇಕು? ಅವರಿಗೆ ಹೇಳುವ ಮೊದಲು ಹೇಳಬೇಕಾದ ಮನುಷ್ಯ ಬೇರೆ ಇದ್ದಾನೆ ಎನ್ನಿಸಿತು. ಮೂರನೇ ದಿನ ಬೆಳಗ್ಗೆ ಪಾವಗಡದ ಬಸ್ಸು ಹತ್ತಿದೆ. ಅಲ್ಲಿಂದ ಆಟೋ ಹಿಡಿದು ಅವನ ಊರಿಗೆ ಹೋದೆ.

ಓಬಳೇಶ ಈಗ ಸೋಲಾರ್ ಪ್ಲೇಟು ತೊಳೆಯುವ ಕೆಲಸಕ್ಕೆ ಹೋಗುತ್ತಾನೆ. ಅವತ್ತು ರಜೆ, ಮನೆಯಲ್ಲೇ ಇದ್ದ. ಕೂದಲು ಪೂರ್ತಿ ಬೆಳ್ಳಗಾಗಿತ್ತು. "ರಾಂಡಿ ರಾಂಡಿ" ಎಂದು ಸಂತೋಷದಲ್ಲಿ ತೆಲುಗಲ್ಲೇ ಕರೆದು ಜಗಲಿಯ ಮೇಲೆ ಚಾಪೆ ಹಾಸಿದ. ಒಳಗಿದ್ದ ಅಂಜಿನಮ್ಮನಿಗೆ, "ನಮ್ ಮೇಸ್ತ್ರಿ ಬಂದವ್ರೆ, ಕಾಫಿ ಇಡು" ಎಂದ.

ಕಾಫಿ ಬರುವ ಮೊದಲೇ ಹೇಳಬೇಕು, ಕುಡಿದ ಮೇಲೆ ಹೇಳಲಾಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಹೇಳಿದೆ. ಲೈನರಿನ ವಿಷಯ, ಬಲಗಡೆ ಹೊಳಪು ಹತ್ತಿದ್ದು, ಗಾಡಿ ಎಡಕ್ಕೆ ಯಾಕೆ ಎಳೆದಿರಬೇಕು ಎನ್ನುವುದು, ನಾನು ಎಮ್ರಿ ಪೇಪರಿನಲ್ಲಿ ಉಜ್ಜಿದ್ದು. ಮಾತು ಹಿಂದುಮುಂದಾಯಿತು. ಅವನು ಅಡ್ಡ ಬಾಯಿ ಹಾಕದೆ ಕೇಳಿದ.

"ಅಂಗಾದ್ರೆ" ಎಂದ ಕೊನೆಗೆ, "ನಾನು ನಿದ್ದೆ ಮಾಡಿರ್ಲಿಲ್ವಾ?"

"ಮಾಡಿರ್ಲಿಲ್ಲ ಅಂತ ಕಾಣ್ತದೆ ಓಬಳೇಶ. ನೂರಕ್ಕೆ ನೂರು ಅಂತ ನಾನು ಹೇಳ್ನಾರೆ. ಆದ್ರೆ ಸ್ಟೇರಿಂಗು ಎಳೀತು ಅಂತ ನೀನು ಹೇಳಿದ್ದು ಸುಳ್ಳಲ್ಲ. ಎಳ್ದೇ ಎಳೀತದೆ."

ಅವನು ತನ್ನ ಎರಡೂ ಅಂಗೈಗಳನ್ನು ನೋಡಿಕೊಂಡ. "ನಾನೇ ಎಡಗಡೆ ಹಾಕಿ ಅಂದಿದ್ದು" ಎಂದ. ಈ ಮಾತು ಬರುತ್ತದೆಂದು ದಾರಿಯುದ್ದಕ್ಕೂ ಹೆದರಿದ್ದೆ. ಒಂದು ಹೊರೆ ಇಳಿಸಲು ಬಂದು ಇನ್ನೊಂದು ಹೊರಿಸಿ ಹೋಗುತ್ತಿದ್ದೇನೋ ಎನ್ನಿಸಿತು.

"ನೀನು ಡ್ರೈವರು. ನಿಂಗೆ ಗೊತ್ತಿರ್ಬೇಕಾಗಿರ್ಲಿಲ್ಲ. ನಂಗೆ ಗೊತ್ತಿತ್ತು, ನಾನು ಹಾಕ್ಬಾರ್ದಾಗಿತ್ತು" ಎಂದೆ. ಅವನು ಟವೆಲಿನಲ್ಲಿ ಮುಖ ಮುಚ್ಚಿಕೊಂಡ.

ತಲೆ ಎತ್ತಿದರೆ ಬಾಗಿಲಲ್ಲಿ ಅಂಜಿನಮ್ಮ ನಿಂತಿದ್ದಳು. ಕಾಫಿ ತಂದಿರಲಿಲ್ಲ. ಎಷ್ಟು ಹೊತ್ತಿನಿಂದ ನಿಂತಿದ್ದಳೋ, ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ಅಣ್ಣಾ, ಒಂದು ಮಾತು ಹೇಳಿ" ಎಂದಳು. "ಇದು ನಿಮ್ಗೆ ಯಾವಾಗ ಗೊತ್ತಾಯ್ತು?"

ಇಷ್ಟು ವರ್ಷದ ಗೊಂದಲದಲ್ಲಿ ನನಗೆ ಉತ್ತರ ಗೊತ್ತಿದ್ದ ಪ್ರಶ್ನೆ ಇದೊಂದೇ.

"ಆವತ್ತೇ ಗೊತ್ತಾಯ್ತು ಕಣಮ್ಮ. ಚಕ್ರ ಬಿಚ್ಚಿದ ದಿವ್ಸವೇ."

ಅವಳು ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಜಗಲಿಯಿಂದ ಕೆಳಗಿಳಿದಳು.

"ಎದ್ದೇಳಿ. ನಮ್ ತಮ್ಮ ಮನೇಲೇ ಅವ್ನೆ, ಆ ಹಿಂದಿನ ಬೀದಿ. ಆರು ವರ್ಷದಿಂದ ಇವ್ರ ಮಕ ನೋಡಿಲ್ಲ ಅವ್ನು. ನಾನು ಇಬ್ರ ಮಧ್ಯೆ ಸಾಯ್ತಾ ಇವ್ನಿ. ಇವಾಗ ಹೇಳಿದ್ದನ್ನ ಅವನ ಮುಂದೆ ಹೇಳಿ."

"ಕಾಫಿ ಕುಡೀಲಿ ಬುಡೇ" ಎಂದ ಓಬಳೇಶ.

"ಬಂದ್ಮೇಲೆ ಕುಡೀಲಿ."

ಮೂವರೂ ಹೊರಟೆವು. ಅಂಜಿನಮ್ಮ ಮುಂದೆ, ನಾನೂ ಓಬಳೇಶನೂ ಹಿಂದೆ. ತಿಪ್ಪೇಶನ ಮನೆಯ ಬೀದಿಗೆ ತಿರುಗುವಲ್ಲಿ ಓಬಳೇಶನ ಕಾಲು ನಿಂತಿತು. ಬಾಗಿಲು ತೆರೆದಿತ್ತು, ಹೊಸ್ತಿಲ ಪಕ್ಕದಲ್ಲಿ ಒಂದು ಊರುಗೋಲು ಒರಗಿಸಿಟ್ಟಿದ್ದು ಅಲ್ಲಿಂದ ಕಾಣುತ್ತಿತ್ತು.

"ನೀವು ಮುಂದೆ ಹೋಗಿ ಮೇಸ್ತ್ರೀ" ಎಂದ.

ನಾನು ಮುಂದೆ ಹೋದೆ.